ಗಂಗಾ, ಬಾಣ ಅಲ್ಲೇ ಯಾಕೆ ನಿಂತಿತು?

…ಇಲ್ಲ ಕಣೇ ಗಂಗಾ, ಹಂಗೆ ಕೈ ಆಡಿಸ್ಬೇಡ, ನಾನು ನಿಧಾನಕ್ಕೇ ಮಾಡೋಳು. ಕಂಪ್ಯೂಟರಿನ ಬಟನ್ನು ಒತ್ತಿದೆ. ಹಸಿರು ಕಣ್ಣು ಬಿಡ್ತು. ನೀಲಿ ವೈರು ಹಿಂದಕ್ಕೆ ಕಚ್ಕಂಡೇ ಐತೆ, ಎಳೆದೂ ನೋಡಿದೆ. ಆಮ್ಯಾಲೆ ಪರದೆ ಮ್ಯಾಲೆ ಆ ಹಕ್ಕಿ ಚಿತ್ರ ಬಂತು… ಕರೀ ಮೈ, ಬಿಳೀ ಹೊಟ್ಟೆ, ತಿಥಿ ಊಟ ಉಂಡು ಜಗಲಿ ಮ್ಯಾಲೆ ಕೂತ ಶಾನುಭೋಗರ ಹಂಗೆ… ಯಾಕೆ ನಗ್ತೀಯಾ? ನಗಬೇಡ್ವೇ! ಗಂಟಲ ಹೊಲಿಗೆ ಇನ್ನೂ ಹಸಿ. ನಗೋದಾದ್ರೆ ಕಣ್ಣಾಗೆ ನಗು. ಹ್ಞಾ, ಹಂಗೆ. ಅಷ್ಟು ಸಾಕು ಸೊಸೆಗೆ.

ನಾನು ನೆಟ್ಟಗೆ ಕಾಣ್ತೀನಾ? ಫೋನು ತಂಬಿಗೆಗೆ ಒರಗಿಸಿದೀನಿ. ನೀನು ನಂಗೆ ಚೆನ್ನಾಗಿ ಕಾಣ್ತೀಯ. ಚಳ್ಳಕೆರೆ ನಿಮ್ಮವ್ವನ ಮನೆ ಗೋಡೆ, ನಿನ್ನ ಕತ್ತಿಗೆ ಸುತ್ತಿದ ಬಿಳೀ ಬಟ್ಟೆ, ತೊಡೆ ಮ್ಯಾಲಿನ ಮಡಚೋ ಕಂಪ್ಯೂಟರ್ರು, ಎಲ್ಲಾ ಕಾಣ್ತೈತೆ… ಏನು? ಫೋನು ಆ ಕಡೆ ತಿರುಗಿಸಾ? ಮಗ್ಗದ ಕಡೆಗಾ? ಬ್ಯಾಡ ತಾಯಿ, ಅಲ್ಲಿ ಕತ್ಲು. ಕರೆಂಟಿಲ್ಲ. ಅದಕ್ಕೇ ಮಗ್ಗದ ಸದ್ದೂ ಇಲ್ಲ… ಹ್ಞಾ? ಕಂಪ್ಯೂಟರಿಗೆ ಐತಲ್ಲ ಅಂತೀಯಾ? ಇದಕ್ಕೆ… ಇದಕ್ಕೆ ಬೇರೆ ಲೈನು ಕಣೇ. ಮೊಳಕಾಲ್ಮುರಿನ ಕರೆಂಟು ನಿಂಗೆ ಗೊತ್ತಿಲ್ವಾ? ಅಡಿಗೆಮನೆಗೆ ಬಂದದ್ದು ಪಡಸಾಲೆಗೆ ಬರಾಕೆ ನಾಚ್ಕಂತೈತೆ.

ಮೀಸೆ ತಿರುವಿ ತೋರಿಸ್ತೀಯ… ಈರೇಶನ್ನ ಕೇಳ್ತಿದೀಯ, ಅಲ್ವಾ? ನಿನ್ ಗಂಡ ದೇವಸಮುದ್ರಕ್ಕೆ ಹೋಗವ್ನೆ. ನಮ್ಮ ದೊಡ್ಡೀರಪ್ಪ ಕುರಿ ಮಾರ್ತಾನಂತೆ, ನೋಡ್ಕಂಡು ಬರ್ತೀನಿ ಅಂದ. ಮೊನ್ನೇನೂ ಅಲ್ಲಿಗೇ ಹೋಗಿದ್ದ ಅಂತೀಯಾ? ಹೋಗಿದ್ದ. ಕುರಿ ಅಂದ್ರೆ ಒಂದು ದಿನಕ್ಕೆ ಮುಗಿಯೋ ವ್ಯಾಪಾರಾನಾ? ಕುರಿ ಹಲ್ಲು ನೋಡ್ಬೇಕು, ಉಣ್ಣೆ ಹಿಡಿದು ನೋಡ್ಬೇಕು, ಆಮ್ಯಾಲೆ ಮಾರೋನ ಮಕ ನೋಡ್ಬೇಕು. ಫೋನು ನನ್ ಕೈಗೆ ಕೊಟ್ಟು ಹೋಗವ್ನೆ, ಅತ್ತೆ ಸೊಸೆ ಮಾತಾಡ್ಕಳ್ಳಿ ಅಂತ. ಒಳ್ಳೇದೇ ಆಯ್ತಲ್ಲ?

ಆಶಾ ಸ್ಕೂಲಿಗೆ. ಮಗಳಿಲ್ಲದ ಹೊತ್ತು ನೋಡೇ ಫೋನ್ ಹಚ್ತಾಳೆ ಈ ಮುದುಕಿ ಅಂತ ಮಕ ಊದಿಸ್ಬೇಡ. ಅವಳಿದ್ರೆ ಈ ಬಟನ್ನು ಮುಟ್ಟಾಕೆ ಬಿಡ್ತಾಳಾ ನನ್ನ? ಅಜ್ಜೀ ಸುಮ್ನಿರು ಅಂತ ನನ್ ಕೈಗೇ ಹೊಡೀತಾಳೆ.

ಸರಿ, ಈಗ ಏನು? ಎರಡು ಬೆರಳು ಕತ್ತರಿ ಹಾಕಿ ತೋರಿಸ್ತೀಯ… ಓ, ನಿನ್ನ ಕಡೆ ಇನ್ನೂ ಅದೇನಾ? ಬೂದಿ ಬಳಿದಂಗೆ ಪರದೆ, ಮಧ್ಯದಾಗೆ ಒಂದು ಕತ್ತರಿ ಗುರುತು? ಒಳಗೆ ಬಿಡ್ತಿಲ್ಲ ನಿನ್ನ. ಥೂ, ನಿನ್ ಮನೆ ಮಿಶಿನ್ನಿಗೆ ನೀನೇ ಪರಕೀಯಳಾದ್ಯಲ್ಲ! ಚಳ್ಳಕೆರೆಯಾಗೆ ಕೂತು ನೀನು ಸೆರಗಿನ ಹೂವು ಬರಿಯೋದು, ಅದು ಈ ಮಿಶಿನ್ನಾಗೆ ಮೂಡಿ ಮಗ್ಗಕ್ಕೆ ಹೋಗೋದು, ಇಲ್ಲಿ ಈರೇಶ ಮಗ್ಗದ ಗುಂಡಿಯಾಗೆ ಕಾಲಿಟ್ಟು ನೇಯೋದು… ಆಪರೇಷನ್ನಿನ ಹಿಂದಿನ ದಿನದ ತನಕ ನಡೀತು. ನಾನು ನೋಡ್ತಿದ್ದೆ. ಕೂತೋರು ಯಾರೂ ಇಲ್ಲ, ಪರದೆ ಮ್ಯಾಲೆ ಬಾಣ ಮಾತ್ರ ಸರಸರ ಓಡಾಡ್ತಿತ್ತು. ದೆವ್ವ ಅಂತ ಮೊದಲ ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೆ. ನೆನಪೈತಾ? ನೀನು ಫೋನಿನಾಗೆ ಬಿದ್ದು ಬಿದ್ದು ನಕ್ಕಿದ್ದೆ. ಆಗ ನಿಂಗೆ ದನಿ ಇತ್ತು.

ಇರ್ಲಿ ಬಿಡು. ಬರ್ತೈತೆ. ಡಾಕ್ಟ್ರು ಬರ್ತೈತೆ ಅಂದವ್ರೆ.

ಸ್ಲೇಟು ಹಿಡಿ. ನಿಂಗೆ ಮಾತಿಲ್ಲ, ನಂಗೆ ಅಕ್ಷರ ಇಲ್ಲ. ದೇವರು ಹುಡುಕಿ ಹುಡುಕಿ ಜೋಡಿ ಮಾಡವ್ನೆ! ನೀನು ಒಂದೊಂದೇ ಅಕ್ಷರ ದೊಡ್ಡದಾಗಿ ಬರಿ, ನಾನು ಅದೇ ರೂಪದ್ದು ಇಲ್ಲಿ ಹುಡುಕಿ ಒತ್ತುತೀನಿ. ಸೂರಮ್ಮ ಕಂಪ್ಯೂಟರ್ ಕಲಿತ್ಲು ಅಂತ ಓಣಿಗೆಲ್ಲ ಸಾರು ಆಮ್ಯಾಲೆ.

ಮೊದಲ್ನೇದು… ಒಂದು ಕಾಲು ಮುಂದಕ್ಕೆ ಚಾಚಿ ನಿಂತೋನು. ಸಿಕ್ಕಿದ. ಎರಡ್ನೇದು… ಅಕ್ಕಪಕ್ಕ ಎರಡು ಗುಡ್ಡ, ಸಿದ್ದಾಪುರದ ಗುಡ್ಡ ಇದ್ದಂಗೆ. ಇಲ್ಲೈತೆ. ಈಗ ಖಾಲಿ ಸ್ಲೇಟು ತೋರಿಸ್ತೀಯ… ಉದ್ದನೇ ಬಟನ್ನಾ? ಒತ್ತಿದೆ. ಆಮ್ಯಾಲೆ ವಾರೆ ಗೀಟು. ಎರಡು ಅದಾವಲ್ಲೇ ವಾರೆ ಗೀಟು, ಒಂದು ಆ ಕಡೆ ವಾಲೈತೆ, ಒಂದು ಈ ಕಡೆ! ಯಾವುದು? ಕೆಳಗಿಂದು? ಹ್ಞೂಂ.

ಇದೇನು ಇದು, ಇಷ್ಟುದ್ದ? ಮಿಶಿನ್ನಿಗೆ ಏನು ಹೇಳ್ತಿದೀವಿ ನಾವು?… ಬೀಗ ತಿರುವಿ ತೋರಿಸ್ತೀಯ. ಹ್ಞಾ, ಹ್ಞಾ, ನೀನೇ ಒಂದ್ಸಲ ಹೇಳಿದ್ದೆ. ಒಳಗೆ ಕೂತೋರು ಸರಿಯಾಗಿ ಹೇಳಿ ಎದ್ದು ಹೋಗದಿದ್ರೆ ಹಳೇ ಮಿಶಿನ್ನು ಅವ್ರು ಇನ್ನೂ ಕೂತವ್ರೆ ಅಂತ್ಲೇ ತಿಳ್ಕಂಡು ಬೀಗ ಹಾಕ್ಕಂತೈತೆ. ಬ್ಯಾರೆಯೋರನ್ನ ಒಳಕ್ಕೆ ಬಿಡಾಕಿಲ್ಲ. ಆ ಬೀಗ ನಾವೇ ತೆಗೀಬೇಕು.

ಪೆದ್ದು ಮುಂಡೇದು. ಹೋದೋರು ಇನ್ನೂ ಕೂತವ್ರೆ ಅಂತ…

ಏನಿಲ್ಲ. ಕಣ್ಣಿಗೆ ಏನೋ ಬಿತ್ತು. ಪಕ್ಕದ ಮನೇಲಿ ಮೆಣಸಿನಕಾಯಿ ಹುರೀತಾರೆ.

ಕರೆಂಟಿನ ವೈರು ಯಾರು ಕಿತ್ತರು ಅಂತೀಯಾ? ನಿಂಗೆ ಹೆಂಗೆ ಗೊತ್ತು ವೈರು ಕಿತ್ತಿದ್ದು? ಹಂಗೆ ಕಿತ್ರೇನೇ ಇಂಗಾಗೋದಾ? ಅದು… ಅವತ್ತು ಯಾರೋ ಕಿತ್ತರು ಕಣೇ. ಪಡಸಾಲೆಯಾಗೆ ಜಾಗ ಬೇಕಾಗಿತ್ತು, ಮೇಜು ಎಳೆದು ಮೂಲೆಗೆ ಹಾಕಿದ್ರು, ವೈರು ತಾನೇ ಬಂತು. ಯಾವತ್ತು ಅಂದ್ರೆ… ಜನ ಬಂದಿದ್ರಲ್ಲ ಅವತ್ತು. ಊಟಕ್ಕೆ. ದೇವರ ಊಟ. ನಿಂಗೆ ಹೇಳ್ಲಿಲ್ಲ, ಹೇಳಿದ್ರೆ ನೀನು ಆ ಸ್ಥಿತಿಯಾಗೂ ಬರ್ತೀನಿ ಅಂತಿದ್ದೆ. ಹಂಗೆ ನೋಡ್ಬೇಡ. ಮುಂದಿನ ಅಕ್ಷರ ಬರಿ.

ನೊಗ. ಮತ್ತೆ ಗುಡ್ಡ. ಕೋಲಿಗೆ ಗಂಟು ಕಟ್ಟಿದ್ದು. ವಾರೆ ಗೀಟು. ಒಂದು ಚುಕ್ಕಿ. ಕತ್ತರಿ, ಅದೇ ನಿನ್ನ ಕತ್ತರಿ. ಇದನ್ನೆಲ್ಲ ಒತ್ತಿದ್ದಕ್ಕೆ ನನ್ ಬೆರಳಿಗೆ ಎಣ್ಣೆ ಹಚ್ಬೇಕು ನೀನು ಬಂದ ಮ್ಯಾಲೆ… ಮುಗೀತಾ? ಎಲ್ಲಾ ಸರಿ ಐತಾ, ಫೋನು ಹತ್ರ ಹಿಡೀತೀನಿ ನೋಡು… ಸರಿ ಐತೆ. ಈಗ ದೊಡ್ಡ ಬಟನ್ನು. ಅದೊಂದು ಒತ್ತಿದ್ರೆ ಬೀಗ ಹೋಗ್ತೈತೆ.

ಒತ್ತುತೀನಿ. ಅವಸರ ಮಾಡ್ಬೇಡ. ಒತ್ತುತೀನಿ ಅಂದೆನಲ್ಲ… ನಿನ್ ಹೂವ ನೀನು ನೋಡ್ಕಂಡ್ರೆ ನಿನ್ ಮಕಕ್ಕೆ ಒಂದೀಟು ಕಳೆ ಬಂದೀತು ಅಂತ ತಾನೇ ನಾನು ಇಷ್ಟು ಹೊತ್ತು ಇದರ ಮುಂದೆ ಕೂತಿರೋದು. ತಗ. ಒತ್ತಿದೆ.

ಇನ್ನೊಂದು ಸ್ಲೇಟಾ? ಇದು ಚಿಕ್ಕದೈತೆ, ಸದ್ಯ. ಒತ್ತಿದೆ. ದೊಡ್ಡ ಬಟನ್ನೂ ಒತ್ತಿದೆ…

ಅಯ್ಯೋ! ಗಂಗಾ! ಬಾಣ ಓಡ್ತಾ ಐತೆ! ನೀನೇನಾ? ನೀನೇನೇ? ಎಡಕ್ಕೆ ಆಡಿಸು… ಆಡಿಸಿದ್ಲು! ಬಲಕ್ಕೆ… ಅಬ್ಬಬ್ಬಾ ನನ್ನವ್ವಾ, ಬಂದ್ಯಾ ಮನೆಗೆ! ಚಳ್ಳಕೆರೆಯಿಂದ ಬಸ್ಸಿಲ್ಲ, ಗಾಡಿಯಿಲ್ಲ, ಹೊಸ್ತಿಲು ದಾಟಿ ಒಳಗೆ ಬಂದ್ಬಿಟ್ಟೆ! ಇರು, ದೃಷ್ಟಿ ತೆಗೀತೀನಿ… ಥೂ, ಪರದೆಗೆ ಹೆಂಗೆ ತೆಗೆಯೋದು. ನಿನ್ನ ಮಕಾನೇ ನೋಡ್ತೀನಿ ತಡಿ, ಫೋನಿನಾಗೆ. ನಗ್ತಾ ಇದೀಯ. ಎಷ್ಟು ದಿನ ಆಗಿತ್ತು ನಿನ್ನ ಹಲ್ಲು ಕಂಡು.

ತೆಗಿ, ತೆಗಿ. ನಿನ್ ಹೂವು ತೆಗಿ. ಬಂತು! ಸೆರಗಿಗೆ ಅಂತ ಬರೆದಿದ್ಯಲ್ಲ, ಬಯಲಾಗೆ ಬೆಳೆಯೋ ಆವರಿಕೆ ಹೂವು. ಯಾರೂ ರೇಷ್ಮೆ ಮ್ಯಾಲೆ ಆವರಿಕೆ ಹಾಕಿಲ್ಲ ಅಂತ ಈರೇಶ ಊರೆಲ್ಲ ಹೇಳ್ಕಂಡು ತಿರುಗಿದ್ದ. ಚೆಂದ ಐತೆ ಕಣೇ. ಕೆಂಪು ಬಣ್ಣ ತುಂಬ್ಸಿದೀಯ ಕೆಳಗೆ. ಮ್ಯಾಲಿಂದು ಇನ್ನೂ ಬೆಳ್ಳಗೈತೆ, ಅಲ್ಲಿಗೆ ಯಾವ ಬಣ್ಣ?

…ಗಂಗಾ? ಬಾಣ ಅಲ್ಲೇ ಯಾಕೆ ನಿಂತಿತು?

ಹೋಯ್ತಾ ಮತ್ತೆ ಲೈನು? ಫೋನು ಹೋಗಿಲ್ಲ, ನೀನು ಕಾಣ್ತಾ ಇದೀಯ. ಯಾಕೆ ಹಂಗೆ ನೋಡ್ತಾ ಇದೀಯ ಅದನ್ನ? ಲಾಳಿ ಎಸೆದು ತೋರಿಸ್ತೀಯ… ನೇಯ್ದದ್ದಾ? ಕೆಂಪಗಿರೋದು ನೇಯ್ದಾಗಿರೋದಾ? ಇದು ಅದನ್ನೂ ಇಟ್ಕಂತೈತಾ ಒಳಗೆ? ಎಲ್ಲಿ ತನಕ ನೇಯ್ದ, ಎಲ್ಲಿ ನಿಲ್ಸಿದ, ಎಲ್ಲಾನೂ?

ನಂಗೇನು ಗೊತ್ತೇ! ಒಳಗೆ ನಿನ್ ಚಿತ್ರ ಮಾತ್ರ ಐತೆ ಅಂದ್ಕಂಡಿದ್ದೆ. ನಿನ್ ಚಿತ್ರ ನೀನು ನೋಡ್ಕಳ್ಳಿ ಅಂದ್ಕಂಡೆ ಅಷ್ಟೇ…

ಹ್ಞೂಂ. ಅರ್ಧ ಹೂವು. ಅರ್ಧಕ್ಕೆ ನಿಂತೈತೆ. ಅದೇನಾಯ್ತು ಅಂದ್ರೆ… ಎದ್ದ ಅವನು, ನೀರು ಕುಡೀಬೇಕು ಅಂದ. ಎಲ್ರೂ ಏಳ್ತಾರಪ್ಪ ಮಗ್ಗದಿಂದ. ತಲೆ ಆಡಿಸ್ತೀಯ… ಗೊತ್ತು. ಕಸುಬು ಹೇಳಿಕೊಟ್ಟ ಜಂಪಣ್ಣ ಮೊದಲ ದಿನ ಮಗ್ಗದ ಮುಂದೆ ಎಲೆ ಅಡಿಕೆ ಇಡಿಸಿ ಅವನ ಕೈಲಿ ಮಾತು ತಗಂಡಿದ್ದ, ಹಿಡಿದ ಹೂವು ಮುಗಿಸದೆ ಗುಂಡಿಯಿಂದ ಏಳಬೇಡ ಅಂತ. ಗೊತ್ತು ಕಣೇ. ಆಶಾ ಹುಟ್ಟಿದ ಸುದ್ದಿ ಬಂದಾಗಲೂ ಏಳಲಿಲ್ಲ ಅವನು, ಹೂವು ಮುಗಿಸೇ ಓಡಿ ಬಂದ, ಆಮ್ಯಾಲೆ ಎಷ್ಟು ದಿನ ಅದಕ್ಕೆ ಜಗಳ ಆಡಿದ್ದೆ ನೀನು…

ಸ್ಲೇಟಿನ ತುಂಬ ಏನೋ ಬರೆದೆ. ಇದು ಒತ್ತೋ ಅಕ್ಷರ ಅಲ್ಲ. ಕನ್ನಡ ಇರ್ಬೇಕು. ನಂಗೆ ಓದಾಕೆ ಬರಲ್ಲ ತಾಯಿ. ಅಳಿಸ್ಬೇಡ… ಅಳಿಸಿದ್ಲು.

ನಿಮ್ಮವ್ವ ಎಲ್ಲಿ? ಪಾತಮ್ಮನ್ನ ಕರಿ. ಕರಿಯಾಕೆ ಆಗಲ್ಲ ನಿಂಗೆ… ಪಾತಮ್ಮಾ! ಏ ಪಾತಮ್ಮಾ! ಕೇಳಿಸ್ತೈತಾ? ಒಂದೀಟು ಬಾರೇ ಇಲ್ಲಿ, ಹುಡುಗಿ ಹತ್ರ ಕೂತ್ಕಾ ಬಾರೇ! ಗಂಗಾ, ಉಸಿರು ಬಿಗಿ ಹಿಡೀಬೇಡ. ಏಡವದ್ದು ತಲ್ಲೀ, ಅಳಬೇಡ. ಗಂಟಲು ಮಾಯೋ ತನಕ ಅಳಬಾರದು ಅಂತ ಡಾಕ್ಟ್ರು ಹೇಳವ್ರೆ, ಹೊಲಿಗೆ ಬಿಟ್ಕಂತೈತೆ ಅಂದವ್ರೆ. ಅದಕ್ಕೇ ತಾನೇ ನಾನೂ ನಿಮ್ಮವ್ವಾನೂ… ನಾನು ಅತ್ತಿದೀನಾ ನೋಡು ನಿನ್ನ ಮುಂದೆ? ಒಂದು ದಿನಾನಾದ್ರೂ ಅತ್ತಿದೀನಾ?

ಏನದು ಕತ್ತಿನಿಂದ ತೆಗಿತಾ ಇದೀಯ? ಬ್ಯಾಡ. ತಾಳಿ ಅದು, ಸೆರಗಿನ ಒಳಕ್ಕೆ ಹಾಕ್ಕ. ಹಂಗೆ ಅಂಗೈ ಮ್ಯಾಲಿಟ್ಟು ಎತ್ತಿ ಹಿಡೀಬೇಡ್ವೇ. ಕೇಳ್ಬೇಡ ನನ್ನ.

ಗಂಗಾ… ಇದನ್ನ ಓದಾಕೆ ಬರಲ್ಲ ಅಂತ ಹೆಂಗೆ ಹೇಳ್ಲಿ ನಾನು?