ಹೂವು ಮುಡಿಸುತ್ತಿದ್ದ ಬಂದೂಕಿಗೆ ಬೆಲೆ ಕಟ್ಟಿಸಿದ ದಿನದ ಹೇಳಿಕೆ

ಸುಧಾ ಕೋಂ ನಾಗೇಶ್, 41 ವರ್ಷ, ಅಂಗನವಾಡಿ ಸಹಾಯಕಿ, ವಾಸ ಗೂಳೂರು ಗ್ರಾಮ, ತುಮಕೂರು ತಾಲ್ಲೂಕು. ಏಳನೇ ತರಗತಿ ಅರ್ಧಕ್ಕೆ ಬಿಟ್ಟವಳು. ಠಾಣೆಯಲ್ಲಿ ತಾವು ಕೇಳಿದ್ದರಿಂದ, ನಡೆದದ್ದನ್ನು ನಡೆದ ಹಾಗೆ ತಿಳಿಸುವುದೇನೆಂದರೆ,

ನಮ್ಮ ಮಾವ ಶಿವರಾಮಯ್ಯನವರ ಹೆಸರಿನಲ್ಲಿ ಕಾಡುಹಂದಿಯಿಂದ ಬೆಳೆ ಕಾಯಲು ಒಂದು ಹಳೆಯ ಬಂದೂಕಿನ ಲೈಸೆನ್ಸ್ ಇತ್ತು. ಮಾವ ಕಳೆದ ಆಗಸ್ಟಿನಲ್ಲಿ ತೀರಿಕೊಂಡರು. ಬಂದೂಕನ್ನು ಠಾಣೆಗೆ ಒಪ್ಪಿಸಿ, ಇಲ್ಲವೇ ಲೈಸೆನ್ಸ್ ಇರುವ ವ್ಯಾಪಾರಿಗೆ ಮಾರಿ ಎಂದು ನೋಟಿಸ್ ಬಂತು. ಅಂದಿನಿಂದ ನನಗೆ ನಿದ್ದೆ ಇಲ್ಲ. ನನ್ನ ಗಂಡ, "ಸುಮ್ನಿರೇ, ಬೆಲೆ ಎಷ್ಟು ಅಂತ ತಿಳ್ಕೊಂಡು ಕೊಡಣ" ಎಂದು ತುಮಕೂರಿನ ಬಂದೂಕು ವ್ಯಾಪಾರಿ ಸರ್ದಾರ್ ಪಾಷಾ ಅವರಿಗೆ ಬರಹೇಳಿದರು.

ಬಂದೂಕು ದೇವರ ಗೂಡಿನ ಪಕ್ಕ ಗೋಡೆಗೆ ಒರಗಿರುತ್ತಿತ್ತು. ನಾನು ಮದುವೆಯಾಗಿ ಬರುವ ಮೊದಲೇ ಮಾವ ಅದನ್ನು ಹೊಲಕ್ಕೆ ಒಯ್ಯುವುದು ಬಿಟ್ಟಿದ್ದರು. ಪ್ರತಿ ಆಯುಧಪೂಜೆಗೆ ನಮ್ಮತ್ತೆ ದೊಡ್ಡಗಂಗಮ್ಮ ಅದಕ್ಕೆ ಅರಿಶಿನದ ದಾರ ಸುತ್ತುತ್ತಿದ್ದರು. ಹಳೇ ದಾರ ಬಿಚ್ಚುವಂತಿಲ್ಲ, ಅದರ ಮೇಲೇ ಹೊಸದು. ಹಿಡಿಯ ಕೆಳಗಿನ ಕಬ್ಬಿಣದ ಬಳೆಯೊಳಗೆ ಬೆರಳು ತೂರಿಸಲೂ ಜಾಗವಿಲ್ಲದಷ್ಟು ದಾರದ ಉಂಡೆಯಾಗಿತ್ತು. ನಳಿಗೆಯ ಬಾಯಿಗೆ ಸೇವಂತಿಗೆ ಮುಡಿಸುವುದು ಸೊಸೆಯ ಕೆಲಸ. ಮದುವೆಯಾದಾಗಿನಿಂದ ನಾನೇ ಮುಡಿಸಿದ್ದೇನೆ. ಮಗಳು ಮಾನಸಾ ಹಾಲು ಕುಡಿಯುವ ಕೂಸಾಗಿದ್ದಾಗ ಅವಳ ಹಣೆಯನ್ನು ಆ ಬಾಯಿಗೇ ತಾಗಿಸಿ ಎತ್ತಿಕೊಂಡಿದ್ದೇನೆ.

ವ್ಯಾಪಾರಿ ನಿನ್ನೆ ಬರುವವರಿದ್ದರು. ಚೆನ್ನಾಗಿ ಕಂಡರೆ ಒಳ್ಳೆ ಬೆಲೆ ಬರುತ್ತದೆಂದು ಮೊನ್ನೆ ನಾನು ನಳಿಗೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿದೆ. ದಾರವನ್ನೂ ಕತ್ತರಿಸಲು ಹೋದೆ. ಅತ್ತೆ, "ಅದ್ನ ಮುಟ್ಬ್ಯಾಡ ಕಣೇ, ಬುಡು" ಎಂದು ಕತ್ತರಿ ಕಿತ್ತುಕೊಂಡರು.

ಪಾಷಾ ಅವರು ನಿನ್ನೆ ಬೆಳಿಗ್ಗೆ 11 ಗಂಟೆಗೆ ಬಂದು, ಜಗಲಿಯಲ್ಲಿ ಬಿಳಿ ಬಟ್ಟೆ ಹಾಸಿ ಬಂದೂಕು ಮಲಗಿಸಿದರು. ಮೊದಲು ಮರದ ಹಿಡಿಯನ್ನು ಅಂಗೈಯಲ್ಲಿ ಸವರಿ, ಇಂಥದ್ದನ್ನು ತಮ್ಮ ತಂದೆಯ ಕಾಲದಲ್ಲಿ ಒಮ್ಮೆ ಕಂಡಿದ್ದಾಗಿ ಹೇಳಿದರು. ಆಮೇಲೆ ನಳಿಗೆ ನೋಡಿ, "ಅಕ್ಕಾ, ಇದೇನ್ ಬಿಂದಿಗೆನಾ ತಿಕ್ಕೋಕೆ? ಆ ಹಳೇ ಕಪ್ಪಿಗೇ ಅಲ್ವಾ ರೇಟು! ಅರ್ಧ ಬೆಲೆ ತೊಳ್ದು ಬಚ್ಚಲಿಗೆ ಬಿಟ್ಟಿದೀರಲ್ಲ" ಎಂದರು. ನನ್ನ ಗಂಡ ನನ್ನನ್ನೇ ನೋಡಿದರು.

ಒಳಗಿನ ತುಕ್ಕು ನೋಡದೆ ಬೆಲೆ ಹೇಳಲಾಗದು, ದಾರ ತೆಗೆಯಲೇಬೇಕು ಎಂದರು. ಅತ್ತೆ ಬಂದೂಕಿಗೆ ಕೈಮುಗಿದು ಒಪ್ಪಿದರು. ಪಾಷಾ ಅವರು ನಮ್ಮನ್ನೆಲ್ಲ ತಮ್ಮ ಬೆನ್ನ ಹಿಂದೆ ನಿಲ್ಲಿಸಿ, ನಳಿಗೆಯನ್ನು ಖಾಲಿ ಹೊಲದ ಕಡೆ ತಿರುಗಿಸಿ, ದಾರ ಕತ್ತರಿಸಿದರು. ಆ ಬಳೆಗೆ ಲಿವರ್ ಎನ್ನುತ್ತಾರಂತೆ. ಅದನ್ನು ನಿಧಾನಕ್ಕೆ ಕೆಳಕ್ಕೆ ಎಳೆದರು. ಒಂದು ತೋಟಾ ಚಿಮ್ಮಿ ಬಟ್ಟೆಯ ಮೇಲೆ ಬಿತ್ತು. ಸಿಡಿಯದ, ಇಡೀ ತೋಟಾ. ಮತ್ತೆ ಎಳೆದರು, ಇನ್ನೊಂದು. ಒಟ್ಟು ನಾಲ್ಕು.

ಪಾಷಾ ಅವರು "ಯಾ ಅಲ್ಲಾ" ಎಂದು ಕೂತಲ್ಲೇ ಕೂತರು. ಇಷ್ಟು ವರ್ಷ ಅದು ಸಿಡಿಯಲು ತಯಾರಾಗಿಯೇ ಇತ್ತಂತೆ. ಆ ಬಳೆಯೊಳಗಿನ ಟ್ರಿಗರ್‌ಗೆ ಒಂದು ಬೆರಳು ತಾಗಿದ್ದರೆ ಸಾಕಿತ್ತಂತೆ, ದಾರದ ಉಂಡೆಯೇ ತಡೆದಿತ್ತಂತೆ. ನನಗೆ ಸೇವಂತಿಗೆ ಕಣ್ಣ ಮುಂದೆ ಬಂತು. ಕೂಸಿನ ಹಣೆ ಬಂತು.

ನನ್ನ ಗಂಡ ದಿಕ್ಕು ತೋಚದೆ, "ಹಂಗಾರೆ ಈಗ ರೇಟ್ ಎಷ್ಟಾಯ್ತು ಸಾಬ್ರೇ?" ಎಂದರು. ಪಾಷಾ ಅವರು, "ರೇಟ್ ಇರ್ಲಪ್ಪ, ಮೊದ್ಲು ನಿಮ್ಮಮ್ಮನ ಕಾಲಿಗೆ ಬೀಳು" ಎಂದರು. ಅತ್ತೆ, "ನಂಗೇನ್ ಗೊತ್ತು, ಆಯುಧಕ್ಕೆ ಕಂಕಣ ಕಟ್ದೆ ಅಷ್ಟೇಯ" ಎಂದರು. ಗುಂಡು ಸಿಕ್ಕ ಮೇಲೆ ಠಾಣೆಗೆ ತಿಳಿಸಲೇಬೇಕೆಂದು ಪಾಷಾ ಅವರು ಹೇಳಿದ್ದರಿಂದ ನನ್ನ ಗಂಡ ಫೋನ್ ಮಾಡಿದರು. ತಮ್ಮವರು ಬಂದು ಬಂದೂಕು, ಗುಂಡು, ದಾರ ಎಲ್ಲ ತಂದರು.

ಗುಂಡಿನ ವಿಚಾರ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅತ್ತೆಗೆ ಎಪ್ಪತ್ತಾರು. ಕೇಸು ಹಾಕಲೇಬೇಕಾದರೆ ಅವರ ಮೇಲೆ ಬೇಡ, ನನ್ನ ಮೇಲೆ ಹಾಕಿ. ಬಂದೂಕಿಗೆ ಬೆಲೆ ಬರಲಿ, ಬಾರದಿರಲಿ, ನಮಗೆ ವಾಪಸ್ ಬೇಡ. ಅದರ ಜೊತೆ ತಾವು ಕವರಿನಲ್ಲಿ ಹಾಕಿಕೊಂಡಿರುವ ದಾರವನ್ನು ಮಾತ್ರ ಕೊಡಿಸಬೇಕು. ಮಗಳ ಕೈಗೆ ಕಟ್ಟಬೇಕಾಗಿದೆ.

ಬರೆದುಕೊಂಡದ್ದನ್ನು ಓದಿ ಹೇಳಿದ್ದಾರೆ. ನಾನು ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಹಿ ಸೊಟ್ಟಗಾಗಿದೆ, ಆದರೆ ನನ್ನದೇ.

ಸ್ಥಳ: ತುಮಕೂರು
ದಿನಾಂಕ: 18-11-2024
ಸಹಿ: ಸುಧಾ