ವಿಲ್ಫ್‌ನ ಬಲಗೈ

ಭಾನುವಾರ ಬೆಳಿಗ್ಗೆ ಇಂಗ್ಲೆಂಡಿನ ಬಾರ್ನ್ಸ್‌ಲಿಯ ಬಸ್ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಅವರಲ್ಲೊಬ್ಬಳಾದ, ಬಾಕ್ಸರ್ ವಿಲ್ಫ್‌ನ ಹೆಂಡತಿ ಗ್ಲೆಂಡಾಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಗೆದ್ದ ಕಣೆ ಮೊರೀನ್! ನನ್ನ ಗಂಡ ಗೆದ್ದ!”

“ಸುಳ್ಳು! ಅವನು ಗೆದ್ದು ಆರು ವರ್ಷ ಆಯ್ತಲ್ಲೇ.”

“ಕೈಯಲ್ಲಿ ವಿದ್ಯೆ ಇಲ್ಲ ಅಂತಲ್ಲ ಕಣೆ. ಹಗಲೆಲ್ಲಾ ಕಂಡೋರ ಮನೆಗೆ ಹೆಂಚು ಹೊದಿಸ್ತಾನೆ, ಅಭ್ಯಾಸಕ್ಕೆ ಹೊತ್ತೆಲ್ಲಿ? ಪಂದ್ಯಕ್ಕೆ ಎರಡು ದಿನ ಇದೆ ಅನ್ನೋವಾಗ ಪಂದ್ಯ ನಡೆಸೋರು ಕರೀತಾರೆ. ಟಿಕೆಟ್ ಮಾರಿರೋದು ಅವರೂರ ಹುಡುಗನ ಹೆಸರಲ್ಲಿ. ಸರಿಸಮ ಆಡಿದ್ರೂ ಗೆದ್ದ ಅಂತ ರೆಫರಿ ಎತ್ತೋದು ಆ ಹುಡುಗನ ಕೈನೇ.”

“ಮತ್ತೆ ನಿನ್ನೆ ಹೇಗೆ?”

“ಅವರ ಹುಡುಗನ್ನ ಎರಡು ಸಲ ನೆಲಕ್ಕೆ ಕೆಡವಿದ! ಆಮೇಲೇನು ಮಾಡ್ದ ಗೊತ್ತಾ? ಕೊನೇ ಗಂಟೆ ಹೊಡೀತಿದ್ದ ಹಾಗೇ, ಸೋತು ಸೋತು ರೂಢಿ ನೋಡು, ತಾನೇ ಹೋಗಿ ಆ ಹುಡುಗನ ಕೈ ಎತ್ತಿಬಿಟ್ಟ!”

“ಅಯ್ಯೋ ಪೆದ್ದ! ಗೆದ್ದೋನು ತಾನೇ ಅಂತ ಗೊತ್ತಾಗ್ಲಿಲ್ವಾ?”

“ಎಲ್ಲಿಂದ ಗೊತ್ತಾಗ್ಬೇಕು? ರೆಫರಿ ನಗ್ತಾ ಆ ಕೈ ಇಳಿಸಿ ಇವನ ಬಲಗೈ ಎತ್ತಿದ. ನಾನು ಕುರ್ಚಿ ಹತ್ತಿ ಕಿರುಚಿದ್ದೇ ಕಿರುಚಿದ್ದು!”

“ಅವನೇನಂದ?”

“ಏನಂತಾನೆ? ರೆಫರಿ ಬಿಟ್ಟ ಮೇಲೂ ಕೈ ಮೇಲೇ ಇತ್ತು. ಇಳಿಸೋ ಮಾರಾಯ, ಮನೆಗೆ ಹೋಗೋಣ ಅಂತ ನಾನೇ ಹೇಳ್ಬೇಕಾಯ್ತು.”

ಬಸ್ಸು ಬಂತು; ನನ್ನದಲ್ಲ. ಇಬ್ಬರೂ ಹತ್ತಿ ಕಿಟಕಿ ಪಕ್ಕ ಕೂತರು. ಗ್ಲೆಂಡಾ ರೆಫರಿಯ ಹಾಗೆ ಗೆಳತಿಯ ಬಲಗೈಯನ್ನು ಕೈಚೀಲದ ಸಮೇತ ಮೇಲೆತ್ತಿ ಹಿಡಿದಳು. ಬಸ್ಸು ಚರ್ಚಿನ ತಿರುವಿನಲ್ಲಿ ಮರೆಯಾಗುವವರೆಗೂ ಇಳಿಸಲಿಲ್ಲ.