ದೇವರಂಥಾ ಗಾಡಿ

ರಾತ್ರಿಯ ಜಿಟಿಜಿಟಿ ಮಳೆ ನಿಂತು, ಬೆಳಿಗ್ಗೆ ತೆಳ್ಳಗೆ ಬಿಸಿಲು ಬಿದ್ದಿತ್ತು. ಬೈರಿದೇವರಕೊಪ್ಪದ ಚಹಾದಂಗಡಿಯಲ್ಲಿ ಮುರಿಗೆವ್ವ ಶಿವಶಿವ ಎನ್ನುತ್ತ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಸೀಟ್ ಕವರಿನ ಅಂಗಡಿಗೆ ಹೊಸ ಪಿಕಪ್ಪೊಂದು ಬಂದು ನಿಂತಿತು. ಗರಗದ ಶಾಂತಯ್ಯ ಬರಿಗಾಲಲ್ಲಿ ಇಳಿದು, ಗಾಡಿಯ ಹಿಂದಿನಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡ.

"ಮೆಹಬೂಬ, ಕವರ್ ಬಿಚ್ಚಪಾ. ಗಾಡಿ ಇವತ್ತ ಮಾರೇಬಿಡತೇನಿ."

"ಯಾಕ್ರಿ ಕಾಕಾರ? ಪೂಜಿ ಆಗಿ ತಿಂಗಳಾಗಿಲ್ಲ!"

"ಆಟೊಮ್ಯಾಟಿಕ್ ಛಲೋ, ಗೇರ್ ತಾನ ಬದಲಾಗತಾವು ಅಂತ ಮಗಳ ಮಾತಿಗೆ ತಗೊಂಡ್ನಿ. ಒಮ್ಮೆ ಕುದುರಿಹಂಗ ಓಡತೈತಿ. ಒಮ್ಮೆ ಎಷ್ಟ ತುಳದ್ರೂ ಗೇರ್ ಬದಲಾಗಂಗಿಲ್ಲ, ದಿಬ್ಬದಾಗ ಎಮ್ಮಿಹಂಗ ನಿಂತಬಿಡತೈತಿ."

"ಶೋರೂಮಿನವ್ರು ಏನಂದ್ರು?"

"ಅವರ ಮುಂದ ಭಾಳ ಶಾಣ್ಯಾ ಆಗತೈತಿ, ಮಾಸ್ತರ ಬಂದಾಗಿನ ಹುಡುಗರಹಂಗ."

"ಯಾವಾಗಿಂದ ಹಿಂಗ?"

"ನಿನ್ನ ಅಂಗಡಿ ಬಾಗಲದಾಗ ನನ್ನ ಚಪ್ಪಲಿ ಕಳವಾತಲ್ಲ, ಆವತ್ತಿಂದ."

"ಮತ್ತ ಅದನ್ನ ತಗದ್ರಿ? ಅದಕ್ಕ ನನ್ನವು ಕೊಟ್ಟೇನಲ್ರಿ!"

"ಕೊಟ್ಟಿ ಖರೇ. ಆದ್ರ ಮಂದಿ ಮುಂದ ಹೇಳೂದ ಬಿಡಂಗಿಲ್ಲ."

ಮೆಹಬೂಬ ನಗುತ್ತ ಸೀಟಿನ ಕೆಳಗಿನ ಗಂಟು ಬಿಚ್ಚಲು ಬಗ್ಗಿದ. ಬಗ್ಗಿದವನು ಅಲ್ಲೇ ಉಳಿದ.

"ಕಾಕಾರ, ಗಾಡಿ ಏರೂಮುಂದ ಚಪ್ಪಲಿ ಎಲ್ಲಿ ಬಿಡತಿದ್ರಿ?"

"ದೇವರಂಥಾ ಗಾಡಿ, ಮೆಟ್ಕೊಂಡ ಏರಬಾರದಲ್ಲ? ಮೊದಲೆಲ್ಲಾ ನನ್ನ ಸೀಟಿನ ಬುಡಕ ಇಡತಿದ್ನಿ, ಕಳವಾದಮ್ಯಾಲ ಹಿಂದ ಇಡತೇನಿ."

ಕಳವಾದ ಜೋಡಿನ ಒಂದು ಚಪ್ಪಲಿ ಸೀಟಿನ ಬುಡದಲ್ಲೇ ಇತ್ತು. ಇನ್ನೊಂದು ಆಕ್ಸಿಲರೇಟರಿನ ಕೆಳಗೆ ಸಿಕ್ಕಿಕೊಂಡಿತ್ತು.

"ಬ್ರೇಕ್ ಹಾಕಿದಾಗ ಮುಂದ ಜಾರತೈತ್ರಿ. ಅದು ಅಡ್ಡ ಕುಂತ್ರ ನೀವು ಪೂರಾ ತುಳ್ಯೂದ ಹೆಂಗ, ಗೇರ್ ಬದಲಾಗೂದ ಹೆಂಗ?"

ಮುರಿಗೆವ್ವನ ಶಿವಶಿವ ನಿಂತಿತು.

"ಕವರ್ ಬಿಚ್ಚಲೇನ್ರಿ?"

"ಬ್ಯಾಡ."

ಶಾಂತಯ್ಯ ತನ್ನ ಚಪ್ಪಲಿಗಳನ್ನು ಗಾಡಿಯ ಹಿಂದೆ ಹಾಕಿದ. ಕಾಲಲ್ಲಿದ್ದ ಮೆಹಬೂಬನ ಜೋಡು ಕಳಚಿ, ಕೆಸರು ಒರೆಸಿ, ಅವನ ಕೈಗಿಟ್ಟು, ಬರಿಗಾಲಲ್ಲೇ ಗಾಡಿ ಏರಿದ.